ಮೆಕ್ಕೆಜೋಳದ ಕಳೆಗೆ ಬಿಳಿಜೋಳದ ಕಷಾಯವೋ, ನೀಲಗಿರಿ ಸೊಪ್ಪಿನ ರಸವೋ?

ಶಿಕಾರಿಪುರ ಸೀಮೆಯಲ್ಲಿರುವ ನಮ್ಮ ಮೆಕ್ಕೆಜೋಳದ ಹೊಲ ಮನೆಯ ಬಾವಿಗಿಂತ ಎತ್ತರದಲ್ಲಿದೆ. ಬಿತ್ತಿದ ಎರಡು ಮೂರು ದಿನಗಳೊಳಗೆ ಅಟ್ರಜಿನ್ ಎಂಬ ಕಳೆನಾಶಕ ಸಿಂಪಡಿಸುವುದು ಇಲ್ಲಿಯ ರೂಢಿ. ಅದು ಅಂತರ್ಜಲಕ್ಕೆ ಇಳಿಯುತ್ತದೆ ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತೆಂದು ತಿಳಿದ ಮೇಲೆ, ಕುಡಿಯುವ ನೀರಿನ ತಲೆಯ ಮೇಲೆ ಪೂರ್ತಿ ಪ್ರಮಾಣವನ್ನು ಸುರಿಯಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಎರಡು ಮುಂಗಾರುಗಳಲ್ಲಿ ಹತ್ತು ಹತ್ತು ಗುಂಟೆಯ ನಾಲ್ಕು ತಾಕುಗಳನ್ನು ಮಾಡಿ ನೋಡಿದೆ: ಒಂದಕ್ಕೆ 125 ಗ್ರಾಂ ಅಟ್ರಜಿನ್ ಪುಡಿ, ಇನ್ನೊಂದಕ್ಕೆ ಅದರ ಅರ್ಧದ ಜೊತೆ ಬಿಳಿಜೋಳದ ಕಷಾಯ, ಮೂರನೆಯದಕ್ಕೆ ಬರೀ ಕಷಾಯ, ನಾಲ್ಕನೆಯದಕ್ಕೆ ನೀಲಗಿರಿ ಸೊಪ್ಪಿನ ರಸ.

ಕಷಾಯದ ವಿಧಾನ ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಗಳಿಂದ ಬಂದದ್ದು. ಬಲಿತು ಒಣಗಿದ 10 ಕಿಲೋ ದಂಟನ್ನು ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ, 100 ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ, ಸೋಸಿ, 5 ಲೀಟರಿಗೆ ಇಳಿಯುವವರೆಗೆ ಕುದಿಸಬೇಕು. ಬಿಳಿಜೋಳ ನಮ್ಮಲ್ಲಿ ಬೆಳೆಯದ ಕಾರಣ ದಂಟನ್ನು ಹಾವೇರಿ ಕಡೆಯಿಂದ ತರಿಸಿದೆ. ಮೇ ತಿಂಗಳಿನಲ್ಲಿ ಅಡಿಕೆ ಬೇಯಿಸುವ ಹಂಡೆ ಖಾಲಿಯಿರುತ್ತದೆ, ಉರಿಗೆ ಒಣಗಿದ ಅಡಿಕೆ ಸಿಪ್ಪೆಯೂ ಇರುತ್ತದೆ. ಸಂಜೆಯ ಹೊತ್ತಿಗೆ ಹಂಡೆಯ ತಳದಲ್ಲಿ ಉಳಿದದ್ದು ಅಡಿಕೆ ಬೇಯಿಸಿದ ಚೊಗರಿನಂತೆಯೇ ಕಂದಾಗಿ, ಸೌಟಿಗೆ ಅಂಟಿಕೊಳ್ಳುತ್ತಿತ್ತು. ಕಳೆಬೀಜದ ಮೊಳಕೆಯನ್ನು ತಡೆಯುವ ಫೀನಾಲಿಕ್ ಆಮ್ಲಗಳು ಈ ಕಷಾಯದಲ್ಲಿ ಸಾಂದ್ರವಾಗಿರುತ್ತವೆ.

ನೀಲಗಿರಿಯ ವಿಷಯದಲ್ಲಿ ಮೊದಲ ವರ್ಷ ನಾನು ದೊಡ್ಡ ತಪ್ಪು ಮಾಡಿದೆ. ಅದರ ಸೊಪ್ಪನ್ನೂ ಹಾಗೆಯೇ ಕುದಿಸಿದೆ. ಅಂಗಳವೆಲ್ಲ ಘಮಘಮಿಸಿತು, ಹೊಲದಲ್ಲಿ ಮಾತ್ರ ಏನೂ ಆಗಲಿಲ್ಲ. ನೀಲಗಿರಿಯ ಶಕ್ತಿಯ ಬಹುಪಾಲು ಇರುವುದು ಸಿನಿಯೋಲ್ ಎಂಬ ಆವಿಯಾಗುವ ಎಣ್ಣೆಯಲ್ಲಿ, ಅದು ಹಬೆಯೊಂದಿಗೆ ಹೊರಟುಹೋಗಿತ್ತು. ಎರಡನೆಯ ವರ್ಷ ಹಸಿ ಸೊಪ್ಪನ್ನು ಜಜ್ಜಿ, ತಣ್ಣೀರಿನಲ್ಲಿ ಮುಚ್ಚಿಟ್ಟು ಬಳಸಿದಾಗ ಕಳೆ ಕಡಿಮೆಯಾಯಿತು, ಆದರೆ ಮೆಕ್ಕೆಜೋಳದ ಮೊಳಕೆಯೂ ಹಿಂದುಳಿದು, ಎರಡು ವಾರ ಹಳದಿಯಾಗಿಯೇ ನಿಂತಿತು. ಬೆಳೆಯ ನಡುವೆ ಅದನ್ನು ನಾನು ಇನ್ನು ಬಳಸುವುದಿಲ್ಲ. ಬದುವಿಗೆ, ತೋಟದ ಕಾಲುದಾರಿಗೆ ಆಗಬಹುದು.

ಮುಖ್ಯ ಹೋಲಿಕೆ ಮೊದಲೆರಡು ತಾಕುಗಳದ್ದು. ಬಿತ್ತಿದ ಮೂವತ್ತನೆಯ ದಿನ ಸಾಲಿನ ನಡುವೆ ಕುಳಿತು ನೋಡಿದರೆ ಪೂರ್ತಿ ಅಟ್ರಜಿನ್ ಹಾಕಿದ್ದಕ್ಕೂ, ಅರ್ಧಕ್ಕೆ ಕಷಾಯ ಬೆರೆಸಿದ್ದಕ್ಕೂ ಅಗಲ ಎಲೆಯ ಕಳೆಗಳಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟವಾಗಿತ್ತು. ಹುಲ್ಲಿನ ಜಾತಿಯ ಕಳೆ ಮಾತ್ರ ಎರಡನೆಯದರಲ್ಲಿ ತುಸು ಹೆಚ್ಚಿದ್ದು, ಸಾಲಿನ ನಡುವೆ ಒಂದು ಸಲ ಎಡೆಕುಂಟೆ ಹೊಡೆದದ್ದಕ್ಕೆ ಹತೋಟಿಗೆ ಬಂತು. ಬರೀ ಕಷಾಯದ ತಾಕಿನಲ್ಲಿ ಕಳೆ ಹತ್ತು ಹನ್ನೆರಡು ದಿನ ತಡವಾಗಿ ಎದ್ದಿತೇ ಹೊರತು ನಿಲ್ಲಲಿಲ್ಲ, ಕೂಲಿಯವರನ್ನು ಎರಡು ಬಾರಿ ಕರೆಯಬೇಕಾಯಿತು. ಜೇಕು ಎಂಬ ಕಳೆಯ ಗಡ್ಡೆಯ ಮುಂದೆ ನಾಲ್ಕು ತಾಕುಗಳೂ ಸೋತವು, ಅದನ್ನು ಕೈಯಲ್ಲೇ ಅಗೆಯಬೇಕು.

ಮಲೆನಾಡಿನ ಮಳೆಯನ್ನು ಇಲ್ಲಿ ಮರೆಯುವಂತಿಲ್ಲ. ಮೊದಲ ವರ್ಷ ಸಿಂಪಡಿಸಿದ ಸಂಜೆಯೇ ಜೋರು ಮಳೆ ಹೊಡೆದು ಕಷಾಯವೆಲ್ಲ ತೊಳೆದುಹೋಗಿ, ಮತ್ತೊಮ್ಮೆ ಹೊಡೆಯಬೇಕಾಯಿತು. ಸಣ್ಣ ಬಟ್ಟೆಯಲ್ಲಿ ಎರಡು ಸಲ ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ, ಹದಿನೈದು ದಿನ ಡಬ್ಬದಲ್ಲಿಟ್ಟರೆ ಮೇಲೆ ಬೂಸ್ಟು ಕಟ್ಟುತ್ತದೆ.

ಈ ಮುಂಗಾರಿಗೆ ಇಡೀ ಹೊಲಕ್ಕೆ ಅರ್ಧ ಪ್ರಮಾಣದ ಅಟ್ರಜಿನ್ ಮತ್ತು ಕಷಾಯವನ್ನೇ ನಿಗದಿ ಮಾಡಿದ್ದೇನೆ. ಬಾವಿಯ ಪಕ್ಕದ ಹತ್ತು ಗುಂಟೆಗೆ ಮಾತ್ರ, ಕೂಲಿ ಹೆಚ್ಚಾದರೂ ಸರಿ, ಬರೀ ಕಷಾಯ ಮತ್ತು ಎಡೆಕುಂಟೆ.