ಮಹಿಳೆಯರ ಹಾರ್ಟ್ ಚೆಕಪ್ ಪ್ಯಾಕೇಜ್: ಟರ್ನರ್ ಸಿಂಡ್ರೋಮ್ ಇದ್ದರೆ ಎಷ್ಟು ಉಪಯೋಗ?

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಎಲ್ಲಿ ಹೋದರೂ ‘ಮಹಿಳೆಯರ ಹಾರ್ಟ್ ಚೆಕಪ್’ ಪ್ಯಾಕೇಜಿನೊಳಗೆ ಇರುವುದು ಹೆಚ್ಚುಕಡಿಮೆ ಅದೇ: ಇಸಿಜಿ, 2ಡಿ ಎಕೋ (ಹೃದಯದ ಸ್ಕ್ಯಾನಿಂಗ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಓಡಿಸಿ ಮಾಡುವ ಪರೀಕ್ಷೆ), ಕೊಲೆಸ್ಟ್ರಾಲ್, ಸಕ್ಕರೆ, ಥೈರಾಯ್ಡ್, ಕೊನೆಗೆ ಡಾಕ್ಟರ ಜೊತೆ ನಾಲ್ಕು ಮಾತು. ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ನೋಡಲು ಇದು ಸರಿ. ಹೆಣ್ಣಿಗೆ ಇರಬೇಕಾದ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಪೂರ್ತಿಯಾಗಿಯೋ ಭಾಗಶಃವೋ ಇಲ್ಲದಿರುವುದೇ ಟರ್ನರ್ ಸಿಂಡ್ರೋಮ್. ಆದರೆ ಇಂಥವರಿಗೆ ಮೊದಲ ಅಪಾಯ ಇರುವುದು ಮಹಾಪಧಮನಿಯಲ್ಲಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಅಯೋರ್ಟಾದಲ್ಲಿ. ಅದು ಹಿಗ್ಗಬಹುದು, ಒಳಪದರ ಸೀಳಬಹುದು, ಅದೂ ಮೂವತ್ತು-ನಲವತ್ತರ ಹರೆಯದಲ್ಲೇ. ಈ ಲೆಕ್ಕದಲ್ಲಿ ಪ್ಯಾಕೇಜಿಗೆ 5ರಲ್ಲಿ 2 ಅಂಕ ಕೊಡಬಹುದು.

ಆ ಎರಡೂ ಅಂಕ ರಕ್ತಪರೀಕ್ಷೆಗೆ ಮತ್ತು ಇಸಿಜಿಗೆ. ಟರ್ನರ್ ಇರುವವರಲ್ಲಿ ಸಕ್ಕರೆ ಕಾಯಿಲೆ, ಥೈರಾಯ್ಡ್ ಕುಂದುವುದು, ಲಿವರ್ ಎನ್‌ಜೈಮ್ ಏರುವುದು ಎಲ್ಲವೂ ಹೆಚ್ಚು. ಹಾಗಾಗಿ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆ ಸರಾಸರಿ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಲಿವರ್ ಟೆಸ್ಟ್ ವರ್ಷಕ್ಕೊಮ್ಮೆ ಬೇಕೇ ಬೇಕು. ಇಸಿಜಿಯಲ್ಲಿ ಕ್ಯೂಟಿಸಿ (ಹೃದಯದ ವಿದ್ಯುತ್ ಬಡಿತದ ಒಂದು ಅವಧಿಯ ಅಳತೆ) ಅಂಕಿಯನ್ನು ಕೇಳಿ ಬರೆಸಿಕೊಳ್ಳಿ. ಅದು ಉದ್ದವಾಗಿದ್ದರೆ ಕೆಲವು ಮಾತ್ರೆಗಳನ್ನು ತಪ್ಪಿಸಬೇಕಾಗುತ್ತದೆ.

ಎಡವುವುದು ಎಕೋದಲ್ಲಿ. ಪ್ಯಾಕೇಜಿನ ಎಕೋ ಬೇಗ ಮುಗಿಯುತ್ತದೆ, ‘ಎಲ್‌ವಿ ಫಂಕ್ಷನ್ ನಾರ್ಮಲ್, ಇಎಫ್ 60%’ ಎಂದು, ಅಂದರೆ ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡುತ್ತಿದೆ ಎಂದು, ಕಾಗದ ಕೈಗೆ ಬರುತ್ತದೆ. ಟರ್ನರ್ ಇರುವವರಿಗೆ ಅದು ಬಹುತೇಕ ಏನನ್ನೂ ಹೇಳುವುದಿಲ್ಲ. ಮೊದಲು ತಿಳಿಯಬೇಕಾದದ್ದು ಮಹಾಪಧಮನಿಯ ಕವಾಟಕ್ಕೆ ಮೂರು ಎಸಳಿದೆಯೋ ಎರಡೋ ಎಂಬುದು. ಬೈಕಸ್ಪಿಡ್ ಎನ್ನುವ ಎರಡೆಸಳಿನ ಕವಾಟ ಟರ್ನರ್ ಇರುವವರಲ್ಲಿ 15ರಿಂದ 30% ಜನರಿಗೆ ಇರುತ್ತದೆ. ಆಮೇಲೆ ಮಹಾಪಧಮನಿಯ ಅಗಲ: ಬುಡದಲ್ಲಿ, ಬುಡದ ಮೇಲಿನ ಕಿರಿದಾದ ಕಡೆ, ಮೇಲೇರುವ ಭಾಗದಲ್ಲಿ, ಕಮಾನಿನಲ್ಲಿ, ಪ್ರತಿಯೊಂದೂ ಬೇರೆ ಬೇರೆ ಮಿಲಿಮೀಟರ್‌ನಲ್ಲಿ. ‘ಅಯೋರ್ಟಾ ನಾರ್ಮಲ್’ ಎಂದಷ್ಟೇ ಬರೆದ ರಿಪೋರ್ಟ್ ವಾಪಸ್ ಕೊಟ್ಟು ಅಂಕಿ ಕೇಳಿ.

ಅಂಕಿ ಬಂದರೂ ಕೆಲಸ ಮುಗಿಯುವುದಿಲ್ಲ. ಎತ್ತರ ಕಡಿಮೆ ಇರುವ ಮೈಗೆ ಎತ್ತರದವರ ಅಳತೆ ಹೊಂದುವುದಿಲ್ಲ, ಅಗಲವನ್ನು ಮೈಯ ಹೊರಮೈ ವಿಸ್ತೀರ್ಣದಿಂದ ಭಾಗಿಸಬೇಕು. ಸೆಂ.ಮೀ. ಎತ್ತರವನ್ನು ಕೆ.ಜಿ. ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆ ವಿಸ್ತೀರ್ಣ ಚದರ ಮೀಟರ್‌ನಲ್ಲಿ ಸಿಗುತ್ತದೆ. 144 ಸೆಂ.ಮೀ., 50 ಕೆ.ಜಿ. ಇದ್ದರೆ ಅದು 1.41. ಮೇಲೇರುವ ಮಹಾಪಧಮನಿ 3.6 ಸೆಂ.ಮೀ. ಎಂದಿಟ್ಟುಕೊಳ್ಳಿ: 3.6 ÷ 1.41 = 2.55. ಅದೇ 3.6 ಸೆಂ.ಮೀ. 170 ಸೆಂ.ಮೀ., 70 ಕೆ.ಜಿ.ಯವರಲ್ಲಿ 1.98 ಮಾತ್ರ. ಕಾಗದದ ಮೇಲೆ ಇಬ್ಬರಿಗೂ ‘ನಾರ್ಮಲ್’ ಅಥವಾ ಹೆಚ್ಚೆಂದರೆ ‘ಮೈಲ್ಡ್’. ಆದರೆ 2 ದಾಟಿದರೆ ನಿಗಾ ಬಿಗಿಯಾಗಬೇಕು. 15 ವರ್ಷ ಮೇಲ್ಪಟ್ಟವರಲ್ಲಿ 2.5 ಮುಟ್ಟಿ, ಜೊತೆಗೆ ಬೈಕಸ್ಪಿಡ್ ಕವಾಟ, ಬಿಪಿಯಂಥ ಬೇರೆ ಅಪಾಯವೂ ಇದ್ದರೆ ಆಪರೇಷನ್ ಪರಿಗಣಿಸಬಹುದು ಎನ್ನುತ್ತದೆ ಅಮೆರಿಕದ ಹೃದ್ರೋಗ ಸಂಸ್ಥೆಗಳ 2022ರ ಮಾರ್ಗಸೂಚಿ. ಮಕ್ಕಳಿಗೆ ಈ ಭಾಗಾಕಾರ ಸಲ್ಲದು, ಅವರಿಗೆ ಝೆಡ್ ಸ್ಕೋರ್ (ಸರಾಸರಿಯಿಂದ ಅಳತೆ ಎಷ್ಟು ದೂರವಿದೆ ಎಂಬ ಅಂಕಿ) ನೋಡುತ್ತಾರೆ. ತೂಕ ಏರಿದರೆ ಭಾಗಲಬ್ಧ ತಾನಾಗಿ ಇಳಿಯುತ್ತದೆ, ಅದನ್ನು ಕಂಡು ನೆಮ್ಮದಿಪಡಬೇಡಿ.

ಎಕೋಗೆ ಮಿತಿಯೂ ಇದೆ. ಎದೆ ಅಗಲವಾಗಿದ್ದರೆ ಚಿತ್ರ ಮಸುಕಾಗುತ್ತದೆ. ಕಮಾನಿನ ಆಚೆ ನಾಳ ಕಿರಿದಾಗುವ ಕೋಆರ್ಕ್ಟೇಶನ್, ಶ್ವಾಸಕೋಶದ ಒಂದು ಅಭಿಧಮನಿ ತಪ್ಪು ಕಡೆ ಸೇರಿರುವುದು, ಕಮಾನು ಉದ್ದ ಎಳೆದಂತಿರುವುದು, ಇವೆಲ್ಲ ಎಕೋ ಕಣ್ಣಿಗೆ ಸುಲಭವಾಗಿ ತಪ್ಪುತ್ತವೆ. ಅದಕ್ಕೇ ಕಾರ್ಡಿಯಾಕ್ ಎಂಆರ್‌ಐ ಬೇಕು, ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ. ಅರಿವಳಿಕೆ ಕೊಡದೆಯೇ ಅಲುಗಾಡದೆ ಮಲಗುವ ವಯಸ್ಸು ಬಂದ ಕೂಡಲೇ ಒಂದು ಸಲ ಮಾಡಿಸಬೇಕು. ಬರಿ ಅಳತೆಗಾದರೆ ಕಾಂಟ್ರಾಸ್ಟ್ ಇಂಜೆಕ್ಷನ್ ಇಲ್ಲದೆಯೂ ಆಗುತ್ತದೆ, ಬುಕ್ ಮಾಡುವಾಗಲೇ ಕೇಳಿ. ಎಲ್ಲ ಸರಿಯಿದ್ದರೆ ಮಕ್ಕಳಲ್ಲಿ 5 ವರ್ಷಕ್ಕೆ, ದೊಡ್ಡವರಲ್ಲಿ 10 ವರ್ಷಕ್ಕೆ ಮತ್ತೊಮ್ಮೆ ಎಂದಿತ್ತು ಟರ್ನರ್‌ಗೆಂದೇ ಬಂದ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಎಕೋದಲ್ಲಿ ನಾಳದ ಗೋಡೆಯ ಒಂದು ಅಂಚಿನಿಂದ, ಎಂಆರ್‌ಐಯಲ್ಲಿ ಇನ್ನೊಂದು ಅಂಚಿನಿಂದ ಅಳೆಯುವುದುಂಟು. ಈ ವರ್ಷದ ಎಂಆರ್‌ಐಯನ್ನು ಹೋದ ಸಲದ ಎಕೋ ಪಕ್ಕ ಇಟ್ಟು 2 ಮಿ.ಮೀ. ‘ಬೆಳೆದಿದೆ’ ಎಂದು ಗಾಬರಿಯಾಗುವುದು ಅಲ್ಲಿಂದಲೇ. ಮುಂದೆ ಹೋಲಿಸಿ ನೋಡಲು ಸ್ಕ್ಯಾನ್‌ನ ಸಿಡಿಯನ್ನು ತಪ್ಪದೆ ಕೇಳಿ ಪಡೆಯಿರಿ.

ಬಿಪಿಯನ್ನು ರಿಸೆಪ್ಷನ್ ಪಕ್ಕದ ಕುರ್ಚಿಯಲ್ಲಿ ಒಂದೇ ತೋಳಿಗೆ ನೋಡಿ ಮುಗಿಸುತ್ತಾರೆ. ಕೈಕಾಲು ನಾಲ್ಕರಲ್ಲೂ ನೋಡಿಸಿ. ಬಿಪಿಯ ಮೇಲಿನ ಅಂಕಿ (ಸಿಸ್ಟಾಲಿಕ್) ಬಲಗೈಗಿಂತ ಕಾಲಿನಲ್ಲಿ 20 ಕಡಿಮೆಯಿದ್ದರೆ ಕೋಆರ್ಕ್ಟೇಶನ್ ಹುಡುಕಬೇಕು. ತೋಳಿನ ಸುತ್ತಳತೆಗೆ ಸರಿಯಾದ ಪಟ್ಟಿ ಕೇಳಿ, ದೊಡ್ಡ ಪಟ್ಟಿ ಬಿಪಿಯನ್ನು ಕಡಿಮೆ ತೋರಿಸಿಬಿಡುತ್ತದೆ. ರಾತ್ರಿ ಬಿಪಿ ಇಳಿಯುವುದೇ ಎಂದು ತಿಳಿಯಲು 24 ಗಂಟೆ ಕಟ್ಟುವ ಮೆಷಿನ್ ಹಾಕಿಸುವುದು ಟಿಎಂಟಿಗಿಂತ ಮೇಲು. ಟಿಎಂಟಿಯನ್ನಂತೂ ಮಹಾಪಧಮನಿಯ ಅಳತೆ ಕೈಗೆ ಬರುವ ಮೊದಲು ಮಾಡಿಸಬೇಡಿ, ಓಡುವಾಗ ಬಿಪಿ ಜಿಗಿಯುತ್ತದೆ.

ದಾನಿಯ ಅಂಡಾಣುವಿನಿಂದ ಐವಿಎಫ್ ಯೋಚಿಸುತ್ತಿರುವವರಿಗೆ ಈ ಪ್ಯಾಕೇಜ್ ಸಾಲುವುದೇ ಇಲ್ಲ. ಗರ್ಭಕ್ಕೆ ಹಿಂದಿನ ಎರಡು ವರ್ಷದೊಳಗಿನ ಎಕೋ ಜೊತೆಗೆ ಎಂಆರ್‌ಐ ಅಥವಾ ಸಿಟಿ ಕೈಯಲ್ಲಿರಬೇಕು. ಭಾಗಲಬ್ಧ 2.5 ದಾಟಿದ್ದರೆ, ಇಲ್ಲವೇ 2 ದಾಟಿ ಜೊತೆಗೆ ಬೇರೆ ಅಪಾಯವಿದ್ದರೆ, ಗರ್ಭ ಬೇಡ ಎಂದೇ 2017ರ ಸಲಹೆಯಾಗಿತ್ತು. ಈ ಮಾತನ್ನು ಐವಿಎಫ್ ಕ್ಲಿನಿಕ್ ತಾನಾಗಿ ಎತ್ತುತ್ತದೆ ಎಂದು ನಂಬಿ ಕೂರಬೇಡಿ.

ಪ್ಯಾಕೇಜಿನ ಕೊನೆಯ ಪುಟದಲ್ಲಿ ಇರಬೇಕಾಗಿಯೂ ಇಲ್ಲದ ಸಾಲೊಂದಿದೆ: ಇದ್ದಕ್ಕಿದ್ದಂತೆ ಎದೆ, ಬೆನ್ನು ಅಥವಾ ಹೊಟ್ಟೆ ಸೀಳಿದಂತೆ ನೋವು ಬಂದರೆ ಇಸಿಜಿ, ಟ್ರೋಪೋನಿನ್ (ಹಾರ್ಟ್ ಅಟ್ಯಾಕ್ ಪತ್ತೆಯ ರಕ್ತಪರೀಕ್ಷೆ) ನಾರ್ಮಲ್ ಬಂದಿತೆಂದು ಗ್ಯಾಸ್ ಮಾತ್ರೆ ಹಿಡಿದು ಮನೆಗೆ ಬರಬೇಡಿ. ‘ಟರ್ನರ್ ಸಿಂಡ್ರೋಮ್ ಇದೆ, ಅಯೋರ್ಟಾ ಸೀಳಿರಬಹುದು, ಸಿಟಿ ಆಂಜಿಯೋ ಮಾಡಿ’ ಎಂದು ಎಮರ್ಜೆನ್ಸಿಯಲ್ಲಿ ಮೊದಲೇ ಹೇಳಿ. ಇದನ್ನು ಬರೆದ ಚೀಟಿ ಪರ್ಸಿನಲ್ಲಿರಲಿ, ಮನೆಯವರಿಗೂ ಗೊತ್ತಿರಲಿ.