ಇ ಪವರ್ ಲೆಕ್ಕಕ್ಕೆ ಯಾವ ಕ್ಯಾಲ್ಕುಲೇಟರ್: ಕ್ಯಾಸಿಯೋ 82ಎಂಎಸ್ಸಾ, 991ಇಎಸ್ ಪ್ಲಸ್ಸಾ, ಸ್ಕ್ರೀನ್ ಮೇಲಿಂದಾ?

ಇ ಅಂದ್ರೆ ಸುಮಾರು 2.718 ಅನ್ನೋ ಸಂಖ್ಯೆ, ಅದರ ಪವರ್ ಲೆಕ್ಕಕ್ಕೆ ಯಾವ ಕ್ಯಾಲ್ಕುಲೇಟರ್ ಒಳ್ಳೇದು ಅಂತ ಜೂನಿಯರ್ಸ್ ಯಾವಾಗ್ಲೂ ಕೇಳ್ತಿರ್ತಾರೆ, ಅದಕ್ಕೆ ಒಂದೇ ಲೆಕ್ಕನ ಎಲ್ಲದ್ರಲ್ಲೂ ಹಾಕಿ ನೋಡ್ದೆ. 12 ವೋಲ್ಟ್ ಸಪ್ಲೈ, 20 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಖಾಲಿ ಇದ್ದ ಕೆಪಾಸಿಟರ್ 0.5 ಸೆಕೆಂಡಲ್ಲಿ ಎಷ್ಟು ವೋಲ್ಟಿಗೆ ಚಾರ್ಜ್ ಆಗುತ್ತೆ? ಆರ್‌ಸಿ, ಅಂದ್ರೆ ರೆಸಿಸ್ಟರ್ ಇಂಟು ಕೆಪಾಸಿಟರ್, 2 ಸೆಕೆಂಡ್ ಬರುತ್ತೆ, 0.5 ಸೆಕೆಂಡನ್ನ ಅದರಿಂದ ಭಾಗಿಸಿದ್ರೆ 0.25, ಹಾಗಾಗಿ ಇ ಪವರ್ ಮೈನಸ್ 0.25 ಅಂದ್ರೆ 0.7788, ಅದನ್ನ 1ರಿಂದ ಕಳೆದು 12ರಿಂದ ಗುಣಿಸಿದ್ರೆ 2.654 ವೋಲ್ಟ್.

ಕ್ಯಾಸಿಯೋ 82ಎಂಎಸ್‌ನಲ್ಲಿ ಶಿಫ್ಟ್ ಒತ್ತಿ ಎಲ್ಎನ್ ಒತ್ತಿದ್ರೆ ಇ ಬರುತ್ತೆ, ಆಮೇಲೆ ಪವರ್ ಟೈಪ್ ಮಾಡ್ಬೇಕು. ಎಲ್ಲಾ ಒಂದೇ ಲೈನಲ್ಲಿ ಕಾಣೋದ್ರಿಂದ ಪವರ್ ಎಲ್ಲಿ ಮುಗೀತು ಅಂತ ಅದಕ್ಕೆ ಬ್ರಾಕೆಟ್ ಹಾಕೇ ಹೇಳ್ಬೇಕು. ಬ್ರಾಕೆಟ್ ಇಲ್ದೆ ಮೈನಸ್ 0.5 ಭಾಗಿಸು 2 ಅಂತ ಒತ್ತಿದ್ರೆ ಮೊದ್ಲು ಇ ಪವರ್ ಮೈನಸ್ 0.5 ಮಾಡ್ಕೊಂಡು ಆಮೇಲೆ 2ರಿಂದ ಭಾಗಿಸುತ್ತೆ, 0.3033 ಬರುತ್ತೆ, ಕೊನೆಗೆ ಉತ್ತರ 8.361 ವೋಲ್ಟ್. 12ರ ಒಳಗೇ ಇರೋದ್ರಿಂದ ನೋಡೋರಿಗೆ ಸರಿ ಅಂತಾನೇ ಅನ್ಸುತ್ತೆ, ಅದೇ ಇದ್ರಲ್ಲಿ ಅಪಾಯ. ಇನ್ನೊಂದು, ಇದ್ರಲ್ಲಿರೋ ಎಕ್ಸ್‌ಪಿ ಬಟನ್ ಇ ಪವರ್ ಅಲ್ಲವೇ ಅಲ್ಲ, ಅದು 10ರ ಪವರ್. 1 ಎಕ್ಸ್‌ಪಿ 2 ಅಂದ್ರೆ 100, ಇ ಪವರ್ 2 ಅಂದ್ರೆ 7.389. ಮೈಕ್ರೋ ಅಂದ್ರೆ 10ರ ಪವರ್ ಮೈನಸ್ 6 ಆದ್ರಿಂದ ಮೈಕ್ರೋಫ್ಯಾರಡ್ ಹಾಕೋಕೆ ಮಾತ್ರ ಅದು ತುಂಬಾ ಒಳ್ಳೇದು.

991ಇಎಸ್ ಪ್ಲಸ್‌ನಲ್ಲೂ ಬಟನ್ ಅದೇ, ಆದ್ರೆ ಮ್ಯಾಥ್ ಮೋಡಲ್ಲಿ ಪವರ್ ಪುಸ್ತಕದಲ್ಲಿ ಬರೆದಂಗೆ ಮೇಲೆ ಕೂರುತ್ತೆ, ಫ್ರ್ಯಾಕ್ಷನ್ ಸಮೇತ. ಬ್ರಾಕೆಟ್ ಚಿಂತೆ ಅರ್ಧ ಹೋಯ್ತು. ಒಂದೇ ಒಂದು ಅಭ್ಯಾಸ ಬೇಕು, ಪವರ್ ಮುಗಿದ ಮೇಲೆ ಬಲಗಡೆ ಆ್ಯರೋ ಒತ್ತಿ ಕೆಳಗೆ ಬರೋದು. ಬರದೇ ಇದ್ರೆ ಇ ಪವರ್ 2 ಪ್ಲಸ್ 1 ಅನ್ನೋದು ಇ ಪವರ್ 3 ಆಗ್ಬಿಡುತ್ತೆ, 8.389 ಬರೋ ಕಡೆ 20.086. ಆದ್ರೆ ಆ ತಪ್ಪು ಸ್ಕ್ರೀನಲ್ಲೇ ಕಣ್ಣಿಗೆ ಬೀಳುತ್ತಲ್ಲ, ಅದಕ್ಕೇ ನನ್ ಓಟು ಇದಕ್ಕೆ.

ವಿಂಡೋಸ್ ಕ್ಯಾಲ್ಕುಲೇಟರ್ ಸೈಂಟಿಫಿಕ್ ಮೋಡಲ್ಲಿ ಕ್ರಮವೇ ಉಲ್ಟಾ. ಮೊದ್ಲು 0.25, ಪ್ಲಸ್-ಮೈನಸ್ ಬಟನ್, ಆಮೇಲೆ ಇ ಪವರ್, ಅಂದ್ರೆ ಒಳಗಿಂದ ಹೊರಗೆ ಬರ್ಬೇಕು. ದೊಡ್ಡ ನಂಬರ್‌ಗೆ ಮಾತ್ರ ಇದೇ ಗೆಲ್ಲೋದು, ಇ ಪವರ್ 231 ಸುಮಾರು 2.1 ಇಂಟು 10ರ ಪವರ್ 100, ಆ ಎರಡು ಕ್ಯಾಸಿಯೋದಲ್ಲೂ ಮ್ಯಾಥ್ ಎರರ್.

ಗೇಟ್, ಅಂದ್ರೆ ಎಂಟೆಕ್ ಪ್ರವೇಶ ಪರೀಕ್ಷೆ, ಬರೆಯೋರು ಗಮನಿಸಿ, ಅಲ್ಲಿ ನಿಮ್ಮ ಕ್ಯಾಲ್ಕುಲೇಟರ್ ಒಳಗೆ ಬಿಡಲ್ಲ, ಸ್ಕ್ರೀನ್ ಮೇಲಿನ ವರ್ಚುವಲ್ ಕ್ಯಾಲ್ಕುಲೇಟರನ್ನೇ ಮೌಸಲ್ಲಿ ಒತ್ಬೇಕು. ಅದ್ರಲ್ಲೂ ನಂಬರ್ ಮೊದ್ಲು ಫಂಕ್ಷನ್ ಆಮೇಲೆ, ಎಕ್ಸ್‌ಪಿ ಬೇರೆ, ಇ ಪವರ್ ಬೇರೆ. ಸೆಮಿಸ್ಟರ್‌ಗೆ 991 ಇಟ್ಕೊಳ್ಳಿ, ದುಡ್ಡು ಕಮ್ಮಿ ಇದ್ರೆ 82 ತಗೊಂಡು ಪವರ್‌ಗೆ ಪ್ರತಿ ಸಲ ಬ್ರಾಕೆಟ್ ಹಾಕಿ, ಗೇಟ್‌ಗೆ ಓದೋವಾಗ ಮಾತ್ರ ಎರಡನ್ನೂ ಪಕ್ಕಕ್ಕಿಟ್ಟು ಆ ವರ್ಚುವಲ್‌ನಲ್ಲೇ ಪ್ರಾಕ್ಟೀಸ್ ಮಾಡಿ.