ವಯಸ್ಸಾದ ನಾಯಿ ತಂದ್ವಿ, ಶೆಲ್ಟರ್‌ಗೆ ಐದಕ್ಕೆ ಮೂರೂವರೆ ಸ್ಟಾರ್

ಮನೇಲಿ ಆಗ್ಲೇ ಟೈಗರ್ ಇದಾನೆ, 3 ವರ್ಷದ ನಾಟಿ ನಾಯಿ, ಅವನಿಗೊಂದು ಜೊತೆ ಇರ್ಲಿ ಅಂತ ನಾನು ಅಂದ್ರೆ ಅಮ್ಮ ಮರಿ ಮಾತ್ರ ಬೇಡ ಅಂದ್ರು, ಟೈಗರ್ ಸಣ್ಣೋನಿದ್ದಾಗ ಕಡಿದು ಹಾಕಿದ ಚಪ್ಪಲಿ ಎಲ್ಲಾ ಅವರದ್ದೇ ಅಲ್ವಾ. ಹಂಗಾಗಿ ಗಣೇಶನ ಹಬ್ಬ ಆದ್ಮೇಲೆ ಹಾಸನದ ಆಚೆ ಇರೋ ಒಂದು ಶೆಲ್ಟರ್‌ಗೆ ಹೋದ್ವಿ. ಹೆಸರು ಹಾಕಲ್ಲ, ಇರೋರೇ ಮೂರ್ನಾಕ್ ಜನ, ಪಾಪ.

ಹೋದ ದಿನವೇ ನಾಯಿ ಕೊಡಲಿಲ್ಲ, ಇದು ನಂಗೆ ತುಂಬಾ ಇಷ್ಟ ಆಯ್ತು. ನಿಮ್ಮ ನಾಯಿನೂ ಕರ್ಕೊಂಡ್ ಬನ್ನಿ ಅಂದ್ರು. ಎದುರುಬದುರು ನಿಲ್ಲಿಸದೆ ಹೊರಗಡೆ ಮಣ್ಣು ರಸ್ತೇಲಿ ಟೈಗರ್ ಹಿಡ್ಕೊಂಡು ನಾನೊಂದು ಬದಿ, ನಮಗೆ ಕೊಡೋ ಹೆಣ್ಣು ನಾಯಿ ಹಿಡ್ಕೊಂಡು ಅವರ ಹುಡುಗ ಇನ್ನೊಂದು ಬದಿ, ಮಧ್ಯೆ ಒಂದು 15 ಅಡಿ ಬಿಟ್ಟು ಒಂದೇ ಕಡೆಗೆ ನಡೆಸಿದ್ರು. ಟೈಗರ್ ಮೊದ್ಲು ಎಳೆದಾಡಿದ, ಆಮೇಲೆ ಅವಳು ಮೂಸಿದ ಕಂಬನೇ ತಾನೂ ಮೂಸಿ ಕಾಲೆತ್ತಿದ. 'ಅರ್ಧ ಕೆಲ್ಸ ಮುಗೀತು ಸಾರ್' ಅಂದ ಹುಡುಗ. ಮೂರು ಸಲ ಹಿಂಗೆ ಮಾಡಿದ್ಮೇಲೆ ಕಳಿಸಿದ್ರು. ಮರಿ ಆಗದ ಹಾಗೆ ಆಪರೇಷನ್ ಆಗಿತ್ತು, ಅದಕ್ಕೇ ಕಿವಿ ತುದೀಲಿ ಕತ್ತರಿಸಿದ ಗುರುತಿದೆ, ರೇಬೀಸ್ ಇಂಜೆಕ್ಷನ್ ಕಾರ್ಡೂ ಕೊಟ್ರು, ದುಡ್ಡು ಕೇಳ್ಲಿಲ್ಲ. ಹೆಸರು ಗೌರಿ ಅಂತ ಇಟ್ವಿ.

ಈಗ ಬೇಜಾರಿನ ವಿಷ್ಯ. 6 ವರ್ಷ ಅಂದಿದ್ರು. ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋದ್ರೆ ಡಾಕ್ಟರ್ ತುಟಿ ಎತ್ತಿ ಹಲ್ಲು ನೋಡಿ 10ರ ಮೇಲೇ ಇರ್ಬೇಕು ಅಂದ್ರು. ಹಲ್ಲು ನೋಡಿ ಹೇಳೋದು ಅಂದಾಜೇ, ಒಪ್ತೀನಿ, ಆದ್ರೂ ಇಷ್ಟೊಂದಾ? ರಕ್ತ ಪರೀಕ್ಷೇಲಿ ಟಿಕ್ ಫೀವರ್ (ಉಣ್ಣೆ ಕಚ್ಚಿ ಬರೋ ಜ್ವರ) ಬೇರೆ, ಪ್ಲೇಟ್‌ಲೆಟ್ ಕಮ್ಮಿ, ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ. ಹಾಲು ಮೊಸರಲ್ಲಿ ಹಾಕ್ಬೇಡಿ ಅಂದಿದ್ರು ಅಂತ ಇಡ್ಲಿ ಒಳಗಿಟ್ಟು ಕೊಟ್ರೆ ಇಡ್ಲಿ ನುಂಗಿ ಮಾತ್ರೆ ಮಾತ್ರ ನೀಟಾಗಿ ನೆಲದ ಮೇಲೆ ಇಡೋಳು.

ಮನೇಲಿ ತಟ್ಟೆ ಬೇರೆ, ಊಟದ ಜಾಗ ಬೇರೆ. ಐದನೇ ದಿನ ಕೆಳಗೆ ಬಿದ್ದ ಚೂರು ಚಪಾತಿಗೆ ಟೈಗರ್ ಮೂತಿ ಹಾಕಿದ, ಗೌರಿ ಗುರ್ ಅಂದ್ಳು, ನಾನು ದಡ್ಡ ಅವಳಿಗೇ ಬೈದೆ. ಗುರ್ ಅನ್ನೋದು ದೂರ ಇರು ಅಂತ ಹೇಳೋದಷ್ಟೇ, ಅದನ್ನೂ ಬಾಯಿ ಮುಚ್ಚಿಸಿದ್ರೆ ಮುಂದಿನ ಸಲ ಸೀದಾ ಕಚ್ಚೋದೇ. ಟೈಗರ್‌ನ ಎಳ್ಕೊಂಡು ಹೋಗ್ಬೇಕಿತ್ತು.

ಇನ್ನೊಂದು. 'ತುಂಬಾ ಶಾಂತ ಸಾರ್, ಯಾವ್ದಕ್ಕೂ ಗಾಬರಿ ಆಗಲ್ಲ' ಅಂತ ಕೊಟ್ಟಿದ್ರಲ್ಲ, ದೀಪಾವಳಿ ಬಂತು, ಹಾಸನಾಂಬೆ ಬಾಗಿಲು ತೆಗೆದಿರೋ ಟೈಮು, ಊರು ತುಂಬಾ ಜನ, ರಾತ್ರಿ ಆದ್ರೆ ಪಟಾಕಿ. ಟೈಗರ್ ಮಂಚದ ಕೆಳಗೆ ನಡುಗ್ತಿದ್ರೆ ಗೌರಿ ಜಗಲಿ ಮೇಲೆ ಗೊರಕೆ. ಏನ್ ಧೈರ್ಯ ಅಂತ ನಾವು ಹೊಗಳಿದ್ದೇ ಹೊಗಳಿದ್ದು. ಎರಡು ದಿನ ಬಿಟ್ಟು ಅಮ್ಮನ ಕೈಯಿಂದ ಸ್ಟೀಲ್ ತಟ್ಟೆ ಅವಳ ಹಿಂದೆನೇ ಬಿತ್ತು, ಕಿವಿನೂ ಅಲ್ಲಾಡಿಸ್ಲಿಲ್ಲ. 'ಇದಕ್ಕೆ ಕಿವಿ ಕೇಳ್ಸಲ್ಲ ಕಣೋ!'

ಶೆಲ್ಟರ್‌ಗೆ ಫೋನ್ ಮಾಡಿದ್ರೆ ಅವರಿಗೂ ಆಶ್ಚರ್ಯ. ಅಷ್ಟೊಂದು ನಾಯಿ ಬೊಗಳೋ ಜಾಗದಲ್ಲಿ ಒಂದಕ್ಕೆ ಕಿವುಡು ಅಂತ ಯಾರಿಗೆ ಗೊತ್ತಾಗುತ್ತೆ. ವಾಪಸ್ ತಗೋತೀವಿ ಅಂದ್ರು, ಅಮ್ಮ ಫೋನ್ ಕಿತ್ಕೊಂಡು ಕಟ್ ಮಾಡಿದ್ರು.

ನೀವು ತರೋದಾದ್ರೆ ರಕ್ತ ಪರೀಕ್ಷೆ ಮೊದ್ಲೇ ಮಾಡ್ಸಿ, ಹಿಂದಿನಿಂದ ಒಂದು ಚಪ್ಪಾಳೆ ಹೊಡೆದು ನೋಡಿ. ನಮ್ಮಲ್ಲೀಗ ಗೇಟ್ ಸದ್ದಾದ್ರೆ ಟೈಗರ್ ಏಳ್ತಾನೆ, ಅವನು ಎದ್ದಿದ್ದು ನೋಡಿ ಗೌರಿನೂ ಎದ್ದು ಜೋರಾಗಿ ಬೊಗಳ್ತಾಳೆ, ಬೀರು ಕಡೆ ತಿರುಗಿ.